ಮಾಸ್ಟರ ಸೊಂಟದ ಅಳತೆ

ಬೆಲ್ಟು ಕಟ್ಟಿದ ಗಂಡಸನ್ನು ಕಂಡರೆ ಮಾಸ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು. ಸೊಂಟಕ್ಕೆ ಸರಿಯಾಗಿ ಪ್ಯಾಂಟು ಹೊಲಿಯಲು ಬಾರದ ದರ್ಜಿ ತನ್ನ ತಪ್ಪು ಮುಚ್ಚಿಕೊಳ್ಳಲು ಗಿರಾಕಿಯ ಹೊಟ್ಟೆಗೆ ಚರ್ಮದ ಪಟ್ಟಿ ಬಿಗಿಸುತ್ತಾನೆ ಎನ್ನುವುದು ಅವರ ವಾದ. ಅವರ ಸ್ವಂತದ ಮೂರು ಪ್ಯಾಂಟುಗಳಲ್ಲಿ ಬೆಲ್ಟು ತೂರಿಸಲು ಜಾಗವೇ ಇರಲಿಲ್ಲ. ಮದುವೆಯಾದ ವರ್ಷ ಮೂವತ್ತಾರು ಇಂಚಿದ್ದ ಸೊಂಟ ಮುದುಕರಾದ ಮೇಲೂ ಮೂವತ್ತಾರೇ ಇತ್ತು. ಬೇರೆಯವರು ಆಸ್ತಿಪಾಸ್ತಿಯ ಬಗ್ಗೆ ಹೇಳಿಕೊಳ್ಳುವ ಹಾಗೆ ಅವರು ಈ ಸೊಂಟದ ಬಗ್ಗೆ ಹೇಳಿಕೊಳ್ಳುತ್ತಿದ್ದರು. ಕೇಳಿ ಕೇಳಿ ಬೀದಿಯವರ ಕಿವಿ ತೂತು ಬಿದ್ದಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಮೆಷಿನು, ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಮೂರು ಮಡಿಕೆಯ ಕನ್ನಡಿ. ಬೀದಿಗೆ ಕಾಣುವ ಗಾಜಿನ ಹಿಂದೆ ಒಂದು ಬೊಂಬೆ. ಮಾಸ್ಟರ್ ಪ್ರಾಯದಲ್ಲಿ ಅದನ್ನು ತಮ್ಮ ಮೈಯ ಅಳತೆಗೇ ಹತ್ತಿ ತುಂಬಿ ಮಾಡಿಕೊಂಡಿದ್ದರು. ಅದಕ್ಕೆ ತಲೆಯಿಲ್ಲ, ಕೈಯಿಲ್ಲ, ಹೆಗಲು, ಎದೆ, ಸೊಂಟ ಅಷ್ಟೆ. ಚಳಿ ಶುರುವಾಗುವ ತನಕ ಅವರ ಕರಿ ಕೋಟು ಅದರ ಮೈಮೇಲೇ ಇರುತ್ತಿತ್ತು. ಹಿಂದಿನ ಕೋಣೆಗಳಲ್ಲಿ ಸಂಸಾರ. ಮಾಸ್ಟರ ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಕಾಜಮ್ಮ. ಗುಂಡಿಗೆ ಕಾಜ ಹೊಲಿಯುವುದರಲ್ಲಿ ಅವಳನ್ನು ಮೀರಿಸುವ ಕೈ ಸುತ್ತಮುತ್ತ ಇರಲಿಲ್ಲ. ಕತ್ತರಿ ಈಗ ಮಗನ ಕೈಗೆ ಬಂದಿತ್ತು. ಸೊಸೆಯದು ಇಸ್ತ್ರಿ ಮತ್ತು ಕೈಹೊಲಿಗೆ. ಅದನ್ನು ಅತ್ತೆಯಿಂದಲೇ ಕಲಿತಿದ್ದರಿಂದ ಇಬ್ಬರ ಹೊಲಿಗೆಯನ್ನು ಅಕ್ಕಪಕ್ಕ ಇಟ್ಟರೆ ಯಾವುದು ಯಾರದೆಂದು ಅವರಿಬ್ಬರಿಗೇ ತಿಳಿಯುತ್ತಿರಲಿಲ್ಲ.

ಮಾಸ್ಟರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಲು ಆಗದೆ ರೇಗಾಡಿ, ಕಡೆಗೆ ಆಪರೇಷನ್ನಿಗೆ ಒಪ್ಪಿಕೊಂಡರು. ಅದಕ್ಕೆ ಮೊದಲು ಸುಮ್ಮನೆ ಒಂದು ರಕ್ತಪರೀಕ್ಷೆ ಎಂದರು ಕಣ್ಣಿನ ಆಸ್ಪತ್ರೆಯವರು. ಕಣ್ಣಿನ ಡಾಕ್ಟರು ಆ ವರದಿ ನೋಡಿ ಆಪರೇಷನ್ ಮುಂದಕ್ಕೆ ಹಾಕಿ, ಬೇರೆ ಆಸ್ಪತ್ರೆಯ ವಿಳಾಸ ಕೊಟ್ಟರು. ಅಲ್ಲಿ ಮತ್ತೆ ರಕ್ತ ತೆಗೆದರು, ಮತ್ತೆ ಕರೆದರು. ಕೊನೆಗೊಂದು ದಿನ ಮಾಸ್ಟರ್, ಕಾಜಮ್ಮ, ಮಗ ಮೂವರೂ ಒಬ್ಬ ಚಿಕ್ಕ ಪ್ರಾಯದ ಡಾಕ್ಟರಮ್ಮನ ಮುಂದೆ ಕೂತಿದ್ದರು.

"ಇದು ರಕ್ತದ ಕ್ಯಾನ್ಸರು," ಎಂದಳು ಡಾಕ್ಟರಮ್ಮ. "ಆದ್ರೆ ನಿಧಾನದ ಜಾತಿ. ವಯಸ್ಸಾದವರಿಗೇ ಹೆಚ್ಚಾಗಿ ಬರೋದು. ರಕ್ತದಲ್ಲಿ ಬಿಳಿ ಕಣ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಇದೆ."

"ನನಗೆ ಎಲ್ಲೂ ನೋವೇ ಇಲ್ವಲ್ಲ ತಾಯಿ," ಎಂದರು ಮಾಸ್ಟರ್.

"ಇರಲ್ಲ."

"ಔಷಧಿ?" ಎಂದ ಮಗ.

"ಸದ್ಯಕ್ಕೆ ಬೇಡ."

"ಪಥ್ಯ ಏನಾದ್ರೂ?"

"ಏನೂ ಬೇಡ. ಎಂದಿನ ಹಾಗೇ ಇರಿ. ಕಾಯೋಣ."

"ಏನಕ್ಕೆ ಕಾಯೋದು?" ಎಂದಳು ಕಾಜಮ್ಮ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ ತೆಗೆದಳು. ಆಮೇಲೆ, ಕತ್ತಿನಲ್ಲಿ ಗಡ್ಡೆ ಬರಬಹುದು, ಮಲಗಿದಾಗ ಮೈ ಬೆವರಬಹುದು, ತೂಕ ಇಳಿಯಬಹುದು, ಇದರಲ್ಲಿ ಯಾವುದು ಕಂಡರೂ ಬನ್ನಿ, ಇಲ್ಲದಿದ್ದರೆ ಮೂರು ತಿಂಗಳು ಬಿಟ್ಟು ಬನ್ನಿ ಎಂದಳು. ಮನೆಯಲ್ಲಿ ತೂಕ ನೋಡುವ ಯಂತ್ರ ಇದೆಯೇ ಎಂದು ಕೇಳಿದಳು.

ಮಾಸ್ಟರಿಗೆ ಅಷ್ಟು ಹೊತ್ತಿಗೆ ಸ್ವಲ್ಪ ಜೀವ ಬಂದಿತ್ತು. "ಯಂತ್ರ ಯಾಕೆ ತಾಯಿ? ನನ್ನ ಪ್ಯಾಂಟೇ ನನ್ನ ತಕ್ಕಡಿ. ಒಂದು ಬೆರಳು ಸಡಿಲ ಆದ್ರೂ ನನಗೆ ಗೊತ್ತಾಗುತ್ತೆ," ಎಂದರು.

ಡಾಕ್ಟರಮ್ಮ ನಕ್ಕಳು. "ಸರಿ ಹಾಗಾದ್ರೆ. ಪ್ಯಾಂಟು ಸಡಿಲ ಆದ ದಿನವೇ ಬಂದ್ಬಿಡಿ. ಮೂರು ತಿಂಗಳು ಕಾಯಬೇಡಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಹ ಈ ಮಾತು ಹೊತ್ತು ಮೂವರೂ ಮನೆಗೆ ಬಂದರು. ಕಾಯಿಲೆ ಇದೆ, ಔಷಧಿ ಇಲ್ಲ. ನೋವಿಲ್ಲ, ವಾಸಿಯೂ ಇಲ್ಲ. ಹೀಗೆಂದರೆ ಮನೆಯವರು ಕೈಕಟ್ಟಿ ಕೂರುವುದು ಹೇಗೆ? ಸೊಸೆ ಬೇಯಿಸಿದ ಮೊಟ್ಟೆಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಏನಂದ್ರು?" ಎಂದು ಕೇಳಿದಳು. "ಏನೂ ಮಾಡ್ಬೇಡಿ ಅಂದ್ರು," ಎಂದ ಅವಳ ಗಂಡ. ಅವಳು ಒಮ್ಮೆ ನೆಮ್ಮದಿಯ ಉಸಿರು ಬಿಟ್ಟಳು, ಆಮೇಲೆ ಗಂಡನ ಮುಖ ನೋಡಿ ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಂಡಳು.

ಆ ಮನೆಯಲ್ಲಿ ಮೊದಲು ನಿಂತಿದ್ದು ಜಗಳ. ಟೀ ತಣ್ಣಗಿದೆ ಎಂದು ಮಾಸ್ಟರ್ ಗೊಣಗಿದರೆ ಕಾಜಮ್ಮ "ಕುಡಿಯೋದು ಬಿಟ್ಟು ಬಾಯಿ ಬಡ್ಕೊಂಡಿದ್ರೆ ತಣ್ಣಗಾಗದೆ ಕುದಿಯುತ್ತಾ?" ಎನ್ನುವವಳು. ಈಗ ಲೋಟ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಿಟ್ಟಳು. ಮಗ ಕತ್ತರಿಸಿದ ಬಟ್ಟೆಯಲ್ಲಿ ಮಾಸ್ಟರ್ ತಪ್ಪು ಹುಡುಕಿದರೆ ಅವನು ಎದುರು ವಾದ ಹೂಡದೆ "ಹೌದಪ್ಪ, ನೀವು ಹೇಳಿದ್ದೇ ಸರಿ" ಎಂದ. ಅದು ಸರಿಯಾಗಿರಲಿಲ್ಲ, ಸುಮ್ಮನೆ ಕೆಣಕಿ ನೋಡಲು ಮಾಸ್ಟರ್ ತಪ್ಪೇ ಹೇಳಿದ್ದರು. ಅವರು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಹೊರಗೆ ಹೋದರೆ ಬೆನ್ನ ಹಿಂದೆ ಮತ್ತೆ ಸಣ್ಣಗೆ ಶುರುವಾಗುತ್ತಿತ್ತು.

"ಏನೇ, ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೀಯಾ?" ಎಂದು ಒಂದು ದಿನ ಹೆಂಡತಿಯನ್ನು ಕೇಳಿದರು. "ನಾನು ಇನ್ನೂ ಇಲ್ಲೇ ಇದ್ದೀನಿ ಕಣೇ. ಬೈಯಿ."

"ಯಾಕ್ರೀ ಬೈಲಿ? ನೀವೇನು ಮಾಡಿದ್ದೀರಿ?" ಎಂದಳು ಅವಳು.

ಅದನ್ನು ಕೇಳಿ ಮಾಸ್ಟರ್ ಅಂಗಡಿಗೆ ಎದ್ದು ಹೋದರು. ಬದುಕಿರುವ ಗಂಡನಿಗೆ ಯಾವ ಹೆಂಡತಿ ಹೀಗೆ ಹೇಳುತ್ತಾಳೆ?

ಒಂದು ಸಂಜೆ ದೀಪ ಹಾಕುವ ಮೊದಲು ಮಬ್ಬಿನಲ್ಲಿ ಸೊಸೆ ಟೀ ತಂದು, ಗಾಜಿನ ಕಡೆ ಮುಖ ಮಾಡಿ ನಿಂತಿದ್ದ ಮಾವನ ಪಕ್ಕದ ಸ್ಟೂಲಿನ ಮೇಲಿಟ್ಟಳು. "ಮಾವ, ಬೆಳಗ್ಗೆಯಿಂದ ನಿಂತೇ ಇದ್ದೀರಿ, ಕೂತ್ಕೊಳ್ಳಿ ಸ್ವಲ್ಪ," ಎಂದಳು. "ನಾನು ಕೂತೇ ಇದ್ದೀನಲ್ಲಮ್ಮ," ಎಂದು ದನಿ ಬೆನ್ನ ಹಿಂದಿನ ಮೂಲೆಯಿಂದ ಬಂತು. ಅವಳು ಟೀ ಇಟ್ಟಿದ್ದು ಬೊಂಬೆಯ ಮುಂದೆ. ಕರಿ ಕೋಟು, ತುಂಬಿದ ಹೆಗಲು, ನೆಟ್ಟಗಿನ ಬೆನ್ನು. ಮೂಲೆಯಲ್ಲಿ ಬೆಂಚಿನ ಮೇಲೆ ಕೂತಿದ್ದ ಮಾವನನ್ನು ಅವಳು ಒಳಗೆ ಬರುವಾಗ ನೋಡಿಯೂ ಗುರುತು ಹಿಡಿದಿರಲಿಲ್ಲ. ಯಾರೋ ಗಿರಾಕಿ ಕಾಯುತ್ತಿದ್ದಾನೆ ಎಂದುಕೊಂಡಿದ್ದಳು.

ಇಷ್ಟರಲ್ಲಿ ಕಾಜಮ್ಮ ಒಂದು ಕೆಲಸ ಮಾಡಿಯಾಗಿತ್ತು. ಗಂಡ ಅಂಗಳಕ್ಕೆ ಹೋಗುವಾಗ ಹಿಂದಿನಿಂದ ನೋಡಿದಳು, ಪ್ಯಾಂಟಿನ ಹಿಂಭಾಗ ಜೋತುಬಿದ್ದಿತ್ತು. ಬೇರೆ ಹೆಂಗಸಾಗಿದ್ದರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಇದು ಕಾಯಿಲೆಯಲ್ಲ, ಚಿಂತೆ, ಎಂದು ತನಗೆ ತಾನೇ ಹೇಳಿಕೊಂಡಳು. ಚೆನ್ನಾಗಿ ತಿನ್ನಿಸಿದರೆ ನಾಲ್ಕು ದಿನದಲ್ಲಿ ತುಂಬಿಕೊಳ್ಳುತ್ತಾರೆ. ಅಷ್ಟರೊಳಗೆ ಪ್ಯಾಂಟು ಸಡಿಲ ಎಂದು ಗೊತ್ತಾಗಿ ಧೈರ್ಯ ಕಳೆದುಕೊಂಡರೆ ಇದ್ದ ಅರ್ಧ ಜೀವವೂ ಹೋದ ಹಾಗೆ. ಅವರು ಊಟ ಮಾಡಿ ಕಣ್ಣು ಮುಚ್ಚಿದ್ದ ಒಂದು ಮಧ್ಯಾಹ್ನ ಅವಳು ಹಿಂಬದಿಯ ನಡುಹೊಲಿಗೆಯನ್ನು ಸ್ವಲ್ಪ ಒಳಕ್ಕೆ ಹಿಡಿದು ಹೊಲಿದಳು. ಮೈ ತುಂಬಿಕೊಂಡ ಮೇಲೆ ಬಿಚ್ಚಿದರಾಯಿತು, ಯಾರಿಗೂ ಹೇಳುವ ಅಗತ್ಯವಿಲ್ಲ ಎಂದುಕೊಂಡಳು. ತಕ್ಕಡಿಯ ಮುಳ್ಳಿಗೆ ಕೈ ಹಾಕುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಲಿಲ್ಲ. ಅನ್ನಿಸಿದ್ದರೂ ಹೊಲಿಯುತ್ತಿದ್ದಳು, ಅವಳ ಸ್ವಭಾವವೇ ಹಾಗೆ.

ಆಮೇಲೆ ಉಳಿದೆರಡು ಪ್ಯಾಂಟನ್ನೂ ಹಾಗೇ ಮಾಡಿದಳು. ಬೆಳಗ್ಗೆ ಹೊದಿಕೆ ತೆಗೆದರೆ ಗಂಡ ಮಲಗಿದ್ದ ಜಾಗದಲ್ಲಿ ಹಾಸಿಗೆಯ ಮೇಲೆ ಒದ್ದೆಯ ಆಕಾರ ಇರುತ್ತಿತ್ತು: ತಲೆ, ಬೆನ್ನು, ಒಂದು ಕೈ. ಎದ್ದು ಹೋದವರು ಅರ್ಧ ಅಲ್ಲೇ ಉಳಿದಿದ್ದಾರೆ ಎನ್ನುವ ಹಾಗಿತ್ತು. ಅವಳು ಆ ಹಾಸುಬಟ್ಟೆಯನ್ನು ಅಂಗಳದ ತಂತಿಗೆ ಹಾಕಿದರೆ ಅದು ಒಣಗುವ ತನಕ ಆ ಕಡೆ ನೋಡುತ್ತಿರಲಿಲ್ಲ. "ಕಂಬಳಿ ದಪ್ಪ ಆಯ್ತು ಕಣೇ, ಬೆವರುತ್ತೆ," ಎನ್ನುತ್ತಿದ್ದರು ಮಾಸ್ಟರ್. "ಹೌದು, ತೆಳ್ಳಗಿನದು ಹಾಕ್ತೀನಿ," ಎನ್ನುತ್ತಿದ್ದಳು. ಡಾಕ್ಟರಮ್ಮ ಹೇಳಿದ್ದು ಇಬ್ಬರಿಗೂ ನೆನಪಿತ್ತು. ಇಬ್ಬರೂ ಕಂಬಳಿಯನ್ನು ಬೈದು ಸುಮ್ಮನಾದರು.

ಆಗಲೇ ವಿಚಿತ್ರ ಶುರುವಾಗಿದ್ದು. ಒಂದು ಬೆಳಗ್ಗೆ ಮಾಸ್ಟರ್ ಪ್ಯಾಂಟು ಹಾಕಿಕೊಂಡು, ಹುಕ್ಕು ಸೇರದೆ, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡು ಸಿಕ್ಕಿಸಿದರು. ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಅಡುಗೆಮನೆಗೆ ಓಡಿಬಂದರು.

"ಏ, ನೋಡಿಲ್ಲಿ! ಪ್ಯಾಂಟು ಬಿಗಿ ಆಗ್ತಿದೆ!"

ಕಾಜಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವಳು ಹೊಲಿಗೆಯಲ್ಲಿ ಒಳಕ್ಕೆ ಹಿಡಿದಿದ್ದು ತೀರಾ ಸ್ವಲ್ಪ. ಗಂಡನ ಮುಖ ದಿನದಿಂದ ದಿನಕ್ಕೆ ಇಳಿಯುತ್ತಿರುವುದು ಅವಳ ಕಣ್ಣ ಮುಂದೇ ಇತ್ತು. ಬಿಗಿಯಾಗುವುದೆಂದರೇನು?

"ಡಾಕ್ಟರಮ್ಮ ಏನಂದ್ಳು? ಸಡಿಲ ಆದ್ರೆ ಬನ್ನಿ ಅಂದ್ಳು. ಬಿಗಿ ಆದ್ರೆ?" ಮಾಸ್ಟರ್ ಸೊಂಟದ ಮೇಲೆ ಕೈಯಿಟ್ಟು ಸುತ್ತು ತಿರುಗಿದರು. "ಬಿಗಿ ಆದ್ರೆ ಬರಬೇಡಿ ಅಂತ ತಾನೇ ಅರ್ಥ? ಮೈ ಹಿಡೀತಿದೆ ಕಣೇ ನನಗೆ!"

ಸೊಸೆ ಇಸ್ತ್ರಿ ಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. ಮಗ ಬಾಗಿಲಲ್ಲಿ ನಿಂತು, ಮತ್ತೆ ಅಂಗಡಿಗೆ ಹೋದ.

ಮಾಸ್ಟರ್ ಸುದ್ದಿಯನ್ನು ಬೀದಿಗೆಲ್ಲ ಹಂಚಿದರು. ಎದುರಿನ ಕ್ಷೌರದ ಅಂಗಡಿಯವನು ಅವರ ಬಾಲ್ಯದ ಗೆಳೆಯ. ಗಡ್ಡಕ್ಕೆ ಸೋಪು ಹಚ್ಚುತ್ತಾ, "ಮಾಸ್ಟ್ರೇ, ಕೆನ್ನೆ ಒಳಗೆ ಹೋಗಿದೆಯಲ್ಲೋ. ಕತ್ತಿ ಆಡ್ಸೋಕೆ ಜಾಗ ಇಲ್ಲ, ಬರೀ ಮೂಳೆ," ಎಂದ.

"ನಿನಗೂ ಪೊರೆ ಬಂದಿರಬೇಕು. ಪ್ಯಾಂಟು ಬಿಗಿ ಆಗ್ತಿದೆ ಅಂತೀನಿ, ಕೆನ್ನೆ ಅಂತೀಯಲ್ಲ! ಬೆರಳು ತೂರಿಸಿ ನೋಡು, ತೂರುತ್ತಾ?"

ಕ್ಷೌರಿಕ ಸೊಂಟಪಟ್ಟಿಯೊಳಗೆ ಬೆರಳು ತೂರಿಸಲು ನೋಡಿದ. ನಿಜಕ್ಕೂ ತೂರಲಿಲ್ಲ. ಕನ್ನಡಿಯಲ್ಲಿ ಮುಖ ನೋಡಿದರೆ ತಲೆಬುರುಡೆ, ಕೆಳಗೆ ನೋಡಿದರೆ ಬಿಗಿದ ಪ್ಯಾಂಟು. ಅವನಿಗೆ ಆ ಕುರ್ಚಿಯಲ್ಲಿ ಕೂತವನು ತನ್ನ ಗೆಳೆಯನೇ ಹೌದೋ ಅಲ್ಲವೋ ಎಂದು ಒಂದು ಗಳಿಗೆ ಅನುಮಾನ ಬಂತು. ಕತ್ತಿ ಕೆಳಗಿಟ್ಟು, ಕತ್ತಿ ಮೊಂಡಾಗಿದೆ, ನಾಳೆ ಬಾ ಎಂದು ಕಳಿಸಿದ.

ಅದೂ ಸಾಲದೆ ಮಾಸ್ಟರ್ ಊಟ ಕಡಿಮೆ ಮಾಡಿದರು. ಮೂವತ್ತಾರನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವರು ಈಗ ಹೊಟ್ಟೆ ಬಿಡಲು ತಯಾರಿರಲಿಲ್ಲ. ಕಾಜಮ್ಮ ಎರಡು ಮೊಟ್ಟೆ ಇಟ್ಟರೆ ಒಂದನ್ನು ತಟ್ಟೆಯಂಚಿಗೆ ಸರಿಸುವರು.

"ತಿನ್ನಿ ಅಂದ್ರೆ!"

"ಇನ್ನೂ ಉಬ್ಬಿಸ್ಬೇಕಾ ನನ್ನ?"

"ಎಲ್ಲಿ ಉಬ್ಬಿದ್ದೀರಿ? ಕನ್ನಡಿ ನೋಡ್ಕೊಳ್ಳಿ."

"ಕನ್ನಡೀಲಿ ಬರೀ ಮಂಜು ಕಾಣುತ್ತೆ. ಪ್ಯಾಂಟು ಸುಳ್ಳು ಹೇಳುತ್ತಾ?"

ಅದಕ್ಕೆ ಅವಳು ಏನು ಹೇಳಬೇಕು? ಬಿಸಿತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು. ತಿಂಗಳ ಕೊನೆಗೆ ಅವರ ಊಟ ಅರ್ಧ ಬಟ್ಟಲು ಅನ್ನಕ್ಕೆ ಇಳಿಯಿತು. ಹಾಲು ಬೇಡ ಎಂದರು. ಸೊಸೆ ಗುಟ್ಟಾಗಿ ಅನ್ನದಲ್ಲಿ ಬೆಣ್ಣೆ ಕಲಸಿಟ್ಟಳು. ವಾಸನೆ ಹಿಡಿದು ತಟ್ಟೆ ದೂಡಿದರು. ಪ್ಯಾಂಟು ಮಾತ್ರ ಇನ್ನಷ್ಟು ಬಿಗಿಯಾಯಿತು.

ಕಾಜಮ್ಮ ಕಡೆಗೆ ಗಟ್ಟಿ ಮನಸ್ಸು ಮಾಡಿದಳು. ತಾನು ಹಾಕಿದ್ದನ್ನು ಬಿಚ್ಚಿಬಿಡುವುದು, ಪ್ಯಾಂಟು ಸಡಿಲಾಗಿ ಅವರಿಗೆ ತಿಳಿದರೆ ತಿಳಿಯಲಿ, ಮೊದಲು ಒಂದು ತುತ್ತು ತಿನ್ನಲಿ. ಮಧ್ಯಾಹ್ನ ಬೂದುಬಣ್ಣದ ಪ್ಯಾಂಟನ್ನು ಒಳಹೊರಗು ಮಾಡಿ ಮಡಿಲಲ್ಲಿ ಹರಡಿಕೊಂಡಳು. ಹಿಂಬದಿಯಲ್ಲಿ ಅವಳ ಹೊಲಿಗೆ ಇತ್ತು. ಅದನ್ನು ಬಿಚ್ಚಿದಳು. ಆಮೇಲೆ ಎಡಪಕ್ಕಕ್ಕೆ ಬೆರಳು ಹೋಯಿತು. ಅಲ್ಲಿಯೂ ಬಟ್ಟೆ ಒಳಕ್ಕೆ ಹಿಡಿದಿತ್ತು. ಬಲಪಕ್ಕದಲ್ಲಿಯೂ ಹಾಗೇ. ಸಣ್ಣ, ಓರೆಯಾದ, ಒಂದರ ಬಾಲ ಹಿಡಿದು ಇನ್ನೊಂದು ಹೊರಡುವ ಹೊಲಿಗೆ. ಅವಳ ಕೈಯ ಹೊಲಿಗೆ. ಅದನ್ನು ಅವಳು ಹಾಕಿರಲಿಲ್ಲ.

ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಮುಂದಿನ ಕೋಣೆಯಲ್ಲಿ ಮಗನ ಮೆಷಿನು ಓಡಿ ನಿಂತು ಓಡುತ್ತಿತ್ತು. ಅವಳು ಅಂಗೈ ತಿರುಗಿಸಿ ನೋಡಿಕೊಂಡಳು. ತನಗೆ ಮರೆವು ಬಂದಿದೆಯೇ? ಇಲ್ಲಾ ತಾನು ಒಲೆಯ ಮುಂದೆ ನಿಂತಿರುವಾಗ ಈ ಕೈ ಬೇರೆಲ್ಲೋ ಕೂತು ಗಂಡನನ್ನು ಒಂದೊಂದೇ ಹೊಲಿಗೆ ಒಳಕ್ಕೆ ಹಿಡಿಯುತ್ತಿದೆಯೇ? ಆ ಹೊಲಿಗೆಗಳನ್ನೂ ಬಿಚ್ಚಿದಳು. ದಾರದ ತುಣುಕುಗಳನ್ನು ಒಲೆಗೆ ಹಾಕಿದಳು. ಪ್ಯಾಂಟು ಮಡಿಸಿ ಅಲಮಾರಿಯಲ್ಲಿಟ್ಟಳು.

ಎರಡು ದಿನ ಬಿಟ್ಟು ಮಾಸ್ಟರ್ ಅದೇ ಪ್ಯಾಂಟು ಹಾಕಿಕೊಂಡರು. "ಹುಕ್ಕು ಕಿತ್ತುಹೋಗೋ ಹಾಗಿದೆ ಕಣೇ," ಎಂದರು ಸಂತೋಷದಿಂದ.

ಅವರು ಸ್ನಾನಕ್ಕೆ ಹೋದಾಗ ಅವಳು ಅದನ್ನು ಬಾಚಿಕೊಂಡು ನೋಡಿದಳು. ಎಡಗಡೆ, ಬಲಗಡೆ, ಬಿಚ್ಚಿದ್ದಷ್ಟೂ ಹೊಲಿಗೆ ಮತ್ತೆ ಬಂದಿತ್ತು, ಮೊದಲಿಗಿಂತ ಒಂದು ಎಳೆ ಒಳಗೆ. ಅಂದಿನಿಂದ ಅವಳು ಸೂಜಿ ಮುಟ್ಟುವುದನ್ನು ಬಿಟ್ಟಳು. ಕಾಜಕ್ಕೆ ಬಂದ ಅಂಗಿಗಳು ಬುಟ್ಟಿಯಲ್ಲಿ ಗುಡ್ಡೆ ಬಿದ್ದವು. ಮಗ ಕೇಳಿದರೆ "ಕೈ ನೋವು" ಎಂದಳು. ಸೊಸೆ ಎಣ್ಣೆ ಹಚ್ಚಲು ಬಂದರೆ ಕೈ ಎಳೆದುಕೊಂಡಳು, "ಬೇಡ ಬಿಡಮ್ಮ, ಇದನ್ನ ಮುಟ್ಟಬೇಡ," ಎಂದಳು. ಸೊಸೆಗೆ ಏನೂ ಅರ್ಥವಾಗಲಿಲ್ಲ.

ಆ ವಾರವೇ ಚಳಿ ಬಿತ್ತು. ಬೆಳಗಿನ ಹೊತ್ತು, ಬೀದಿಯಲ್ಲಿ ಇನ್ನೂ ಜನ ಹೆಚ್ಚಿರಲಿಲ್ಲ. ಮಾಸ್ಟರ್ ಪ್ರತಿ ವರ್ಷದಂತೆ ಬೊಂಬೆಯ ಮೈಮೇಲಿನ ಕರಿ ಕೋಟು ಬಿಚ್ಚಿದರು, ಕೊಡವಿದರು, ತೋಳು ತೂರಿಸಿದರು. ಅಭ್ಯಾಸಬಲದಿಂದ ಮೂರು ಮಡಿಕೆಯ ಕನ್ನಡಿಯ ಮುಂದೆ ನಿಂತರು.

ಮುಖ ಮಂಜಾಗಿ ಕಂಡಿತು, ಅದು ಹೊಸದಲ್ಲ. ಆದರೆ ಹೆಗಲು ಕಾಣಲಿಲ್ಲ. ಕೋಟಿನ ಹೆಗಲು ಅವರ ಹೆಗಲನ್ನು ದಾಟಿ ಕೆಳಗೆ ಇಳಿದಿತ್ತು. ತೋಳಿನೊಳಗೆ ಕೈ ಎಲ್ಲಿದೆಯೋ ತಿಳಿಯಲಿಲ್ಲ. ಗುಂಡಿ ಹಾಕಿದರು, ಎದುರುಗಡೆ ಒಂದು ಹಿಡಿ ಗಾಳಿ ನಿಂತಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಮೂರು ಕನ್ನಡಿಯಲ್ಲೂ ಒಬ್ಬೊಬ್ಬ ಮುದುಕ ಬೇರೆಯವರ ಕೋಟು ಹಾಕಿಕೊಂಡು ನಿಂತಿದ್ದ. ಮೇಲೆ ಒಣಕಲು, ಪ್ಯಾಂಟಿನ ಲೆಕ್ಕದಲ್ಲಿ ಸೊಂಟ ದಪ್ಪ. ಅಂತಹ ಮನುಷ್ಯನ ಅಳತೆಯನ್ನು ಅವರು ತಮ್ಮ ಆಯುಸ್ಸಿನಲ್ಲೇ ತೆಗೆದುಕೊಂಡಿರಲಿಲ್ಲ. ಅಂತಹವನು ಇರುವುದೇ ಇಲ್ಲ ಎಂದು ದರ್ಜಿಗೆ ಗೊತ್ತು.

ಮಾಸ್ಟರ್ ಬಾಗಿಲ ಅಗುಳಿ ಹಾಕಿದರು. ಪ್ಯಾಂಟು ಬಿಚ್ಚಿ, ಒಳಹೊರಗು ಮಾಡಿ, ಕಣ್ಣು ಮುಚ್ಚಿಕೊಂಡು ಸೊಂಟದ ಸುತ್ತ ಬೆರಳಾಡಿಸಿದರು. ಆಮೇಲೆ ಕೂಗಿದರು. ಆ ಕೂಗು ಹಿಂದಿನ ಅಂಗಳದ ತನಕ ಕೇಳಿತು.

"ಎಲ್ರೂ ಬನ್ನಿ ಇಲ್ಲಿ!"

ಅಗುಳಿ ತೆಗೆದಾಗ ಮೂವರೂ ಬಂದು ನಿಂತರು. ಮಾಸ್ಟರ್ ಕೋಟಿನ ಮೇಲೆ ಟವೆಲು ಸುತ್ತಿಕೊಂಡಿದ್ದರು. ನಗು ಬರಿಸುವ ವೇಷ, ಯಾರೂ ನಗಲಿಲ್ಲ.

"ಹಿಂದುಗಡೆ ಹೊಲಿಗೆ ಬಿಚ್ಚಿದ ಗುರುತಿದೆ. ಇದು ನಿನ್ನ ಕೈ," ಎಂದು ಕಾಜಮ್ಮನಿಗೆ ತೋರಿಸಿದರು. "ಆದ್ರೆ ಪಕ್ಕದ್ದು ನಿನ್ನದಲ್ಲ."

ಕಾಜಮ್ಮ ಮುಂದೆ ಬಂದು ಅವರ ತೋಳು ಹಿಡಿದಳು. "ನನ್ನದಲ್ವಾ?"

"ಅಲ್ಲ. ನೀನು ದಾರ ಎಳೆಯೋದು ಗಟ್ಟಿ. ಇದು ಮೆತ್ತಗಿದೆ."

"ನನ್ನದಲ್ಲ ತಾನೇ? ಇನ್ನೊಂದ್ಸಲ ಹೇಳಿ!" ಎಂದು ಅವಳು ಅಲ್ಲೇ ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತಳು. ಅವಳು ಯಾಕೆ ಅಳುತ್ತಿದ್ದಾಳೆಂದು ಯಾರಿಗೂ ತಿಳಿಯಲಿಲ್ಲ. ಅವಳು ಅಳುತ್ತಲೇ ತನ್ನ ಕೈಗಳಿಗೆ ಮುತ್ತಿಟ್ಟುಕೊಂಡಳು.

"ನನ್ನದು ಅತ್ತೆ," ಎಂದಳು ಸೊಸೆ. "ಇಸ್ತ್ರಿ ಮಾಡುವಾಗ ಹಾಕಿದ್ದೆ. ಮಾವ ಆ ದಿನ ಮೂಲೇಲಿ ಕೂತಿದ್ರಲ್ಲ, ನನಗೆ ಗುರುತೇ ಸಿಗ್ಲಿಲ್ಲ. ಅವರಿಗೆ ಗೊತ್ತಾದ್ರೆ ಕುಗ್ಗಿ ಹೋಗ್ತಾರೆ ಅಂತ... ಮುಂದಿನ ವಾರಕ್ಕೂ ಆಗ್ಲಿ ಅಂತ ಸ್ವಲ್ಪ ಹೆಚ್ಚಿಗೇ ಹಿಡಿದೆ. ಆಮೇಲೆ ಅಲಮಾರಿಯಿಂದ ತೆಗೆದು ನೋಡಿದ್ರೆ ಬಿಚ್ಚಿಹೋಗಿತ್ತು. ದಾರ ಹಳೇದು ಅಂದ್ಕೊಂಡು ಮತ್ತೆ ಹಾಕಿದೆ."

ಮಾಸ್ಟರ್ ಹುಕ್ಕನ್ನು ಎತ್ತಿ ತೋರಿಸಿದರು. "ಇದು ಎರಡು ಬೆರಳು ಪಕ್ಕಕ್ಕೆ ನಡ್ಕೊಂಡು ಹೋಗಿದೆ. ಇದಕ್ಕೆ ಕಾಲು ಬಂದಿತ್ತಾ?"

ಮಗ ತಲೆ ತಗ್ಗಿಸಿದ. "ನೀವು ರಸ್ತೆ ದಾಟುವಾಗ ಪ್ಯಾಂಟು ಕೈಯಲ್ಲಿ ಹಿಡ್ಕೊಂಡು ನಡೀತಿದ್ರಿ ಅಪ್ಪ. ನಿಮಗೇ ಗೊತ್ತಿರಲಿಲ್ಲ ಅನ್ಸುತ್ತೆ. ನನಗೆ ನೋಡೋಕಾಗ್ಲಿಲ್ಲ."

"ಹಾಗಾದ್ರೆ ಮೂವರೂ!" ಎಂದರು ಮಾಸ್ಟರ್. "ಆ ಡಾಕ್ಟರಮ್ಮ ನನಗೆ ಕೊಟ್ಟಿದ್ದು ಒಂದೇ ಒಂದು ಕೆಲಸ. ಔಷಧಿ ಕೊಡ್ಲಿಲ್ಲ, ಪಥ್ಯ ಕೊಡ್ಲಿಲ್ಲ, ಪ್ಯಾಂಟು ನೋಡ್ಕೋ ಅಂದ್ಳು. ಅದನ್ನೂ ನನ್ನಿಂದ ಕಿತ್ಕೊಂಡ್ರಲ್ಲ! ನಾನು ಹಸ್ಕೊಂಡು ಮಲಗಿದ್ದೀನಿ ಕಣ್ರೋ. ದಪ್ಪ ಆಗ್ತಿದ್ದೀನಿ ಅಂತ, ಹೊಟ್ಟೆ ತಾಳ ಹಾಕ್ತಿದ್ರೂ ನೀರು ಕುಡಿದು ಮಲಗಿದ್ದೀನಿ!"

"ತಿನ್ನಿ ತಿನ್ನಿ ಅಂತ ಕಾಲು ಹಿಡ್ದೆ, ಕೇಳಿದ್ರಾ?" ಎಂದು ಕಾಜಮ್ಮ ಕಣ್ಣೊರೆಸಿಕೊಂಡು ಎದ್ದಳು. "ಹೆಂಡತಿ ಬಾಯಿಗಿಂತ ಪ್ಯಾಂಟಿನ ಮಾತೇ ಹೆಚ್ಚಾಯ್ತು!"

"ಪ್ಯಾಂಟಿಗೆ ಸುಳ್ಳು ಹೇಳೋಕೆ ಕಲಿಸಿದವಳು ನೀನು!"

"ಬೆವರಿನಲ್ಲಿ ಹಾಸಿಗೆ ತೋಯ್ತಿತ್ತಲ್ಲ, ಅದಕ್ಕೂ ನಾನೇ ನೀರು ಹೊಯ್ದೆನಾ? ಕಂಬಳಿ ಅಂದಿದ್ದು ಯಾರು?"

"ನೀನು ಹೌದು ಅಂದಿದ್ದು ಯಾಕೆ?"

ಅವರ ದನಿ ಬೀದಿಗೆ ಕೇಳಿತು. ಕ್ಷೌರಿಕ ಬಾಗಿಲಿಗೆ ಬಂದು ನಿಂತು, ಎಷ್ಟೋ ವಾರಗಳ ನಂತರ ಆ ಮನೆಯಿಂದ ಜಗಳ ಕೇಳಿ, ಮಾಸ್ಟರ್ ಇನ್ನೂ ಇದ್ದಾನೆ ಎಂದುಕೊಂಡ.

ಆ ದಿನವೇ ಆಸ್ಪತ್ರೆಗೆ ಹೋದರು. ಈ ಸಲ ನಾಲ್ವರೂ ಹೋದರು. ಡಾಕ್ಟರಮ್ಮ ಮಾಸ್ಟರನ್ನು ತಕ್ಕಡಿಯ ಮೇಲೆ ನಿಲ್ಲಿಸಿದಳು, ಕತ್ತು ಮುಟ್ಟಿ ನೋಡಿದಳು, ರಕ್ತ ತೆಗೆಸಿದಳು. ಹಳೆಯ ತೂಕ, ಹೊಸ ತೂಕ ಎರಡನ್ನೂ ನೋಡಿ ಅವಳ ಮುಖದ ನಗು ಹೋಯಿತು.

"ಇಷ್ಟು ಇಳಿದಿದ್ದೀರಿ. ಬಟ್ಟೆ ಸಡಿಲ ಆಗ್ಲಿಲ್ವಾ?"

ಸೊಸೆ ನೆಲ ನೋಡಿದಳು.

"ಇಲ್ಲ ತಾಯಿ," ಎಂದರು ಮಾಸ್ಟರ್. "ನಮ್ಮ ಮನೇಲಿ ಎಲ್ರಿಗೂ ಹೊಲಿಗೆ ಬರುತ್ತೆ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಕಾಯುವುದು ಮುಗಿಯಿತು, ಮಾತ್ರೆ ಶುರು ಮಾಡೋಣ ಎಂದಳು. ದಿನಾ ನುಂಗಬೇಕು, ಆಗಾಗ ಬಂದು ರಕ್ತ ತೋರಿಸಬೇಕು.

"ಮೊದಲೇ ಬಂದಿದ್ರೆ?" ಎಂದಳು ಕಾಜಮ್ಮ.

"ಮೊದಲೇ ಶುರು ಮಾಡ್ತಿದ್ವಿ."

"ಅಂದ್ರೆ... ತುಂಬಾ ತಡ ಆಯ್ತಾ?"

"ಮಾತ್ರೆಗೆ ಮೈ ಹೇಗೆ ಒಗ್ಗುತ್ತೆ ನೋಡ್ಬೇಕು ಅಮ್ಮ. ಈಗ್ಲೇ ಹೇಳೋಕಾಗಲ್ಲ."

"ಮತ್ತೆ ತುಂಬ್ಕೊಳ್ತಾರಾ?"

"ಕೆಲವರು ತುಂಬ್ಕೊಳ್ತಾರೆ."

ಕಾಜಮ್ಮ ಆ 'ಕೆಲವರು' ಎಂಬುದನ್ನು ಮನೆಯ ತನಕ ಬಾಯೊಳಗೇ ತಿರುಗಿಸುತ್ತಾ ಬಂದಳು.

ಮಾರನೆಯ ದಿನ ಮಾಸ್ಟರ್ ಎರಡು ಮೊಟ್ಟೆ ತಿಂದು, ಮಾತ್ರೆ ನುಂಗಿ, ಅಂಗಡಿಯ ನಡುವೆ ಬಂದು ಕೈ ಅಗಲಿಸಿ ನಿಂತರು. "ಆ ಪ್ಯಾಂಟುಗಳನ್ನ ಇನ್ನು ನಾನು ಹಾಕಲ್ಲ. ಅಳತೆ ತಗೋ," ಎಂದರು ಮಗನಿಗೆ.

ಆ ಅಂಗಡಿಯಲ್ಲಿ ಅಳತೆ ತೆಗೆಯುವವನು ಅಂಕಿಯನ್ನು ಗಟ್ಟಿಯಾಗಿ ಕೂಗಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು. ತಪ್ಪು ಆಗದಿರಲಿ ಎಂದು ಮಾಸ್ಟರೇ ಮಾಡಿದ ಪದ್ಧತಿ. ಕಾಜಮ್ಮ ತಿರುಗಿ ಹೇಳಲು ಮೇಜಿನ ಪಕ್ಕ ನಿಂತಳು. ಮಗ ಅಪ್ಪನ ಸೊಂಟಕ್ಕೆ ಟೇಪು ಸುತ್ತಿದ. ಟೇಪು ಸೇರಿದ ಜಾಗವನ್ನು ನೋಡಿದ.

"ಮೂವತ್ತನಾಲ್ಕು," ಎಂದ.

ಕಾಜಮ್ಮ ತಿರುಗಿ ಹೇಳಲಿಲ್ಲ. ಮಾಸ್ಟರ್ ಟೇಪಿನ ಮೇಲೆ ಉಗುರು ಇಟ್ಟರು. "ನನಗೆ ಕಣ್ಣು ಕಾಣಲ್ಲ ಸರಿ. ಬೆರಳಿಗೆ ಕಾಣುತ್ತೆ. ಕೂಗು."

"ಮೂವತ್ತೆರಡು," ಎಂದ ಮಗ.

"ಮೂವತ್ತೆರಡು," ಎಂದಳು ಕಾಜಮ್ಮ. ಬೀದಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು.

ಸೊಸೆ ಮೇಜಿನ ಮೇಲೆ ಬಟ್ಟೆ ಹರಡಿ ಸುಕ್ಕು ತಟ್ಟಿದಳು. ಮಗ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಬಂದವನು ಹಿಂಬದಿಯ ನಡುಹೊಲಿಗೆಯ ಹತ್ತಿರ ಕೈ ನಿಲ್ಲಿಸಿದ. ಮುಂದೆ ಮೈ ಬೆಳೆದರೆ ಬಿಚ್ಚಿ ಅಗಲ ಮಾಡಲು ಒಳಗೆ ಒಂದಿಷ್ಟು ಬಟ್ಟೆ ಬಿಡುವುದು ಅಲ್ಲಿಯೇ. ಬೆಳೆಯುವ ಹುಡುಗರಿಗೆ ಧಾರಾಳವಾಗಿ ಬಿಡುತ್ತಾರೆ. ಮುದುಕರಿಗೆ ಬಿಡುವುದಿಲ್ಲ, ಬಟ್ಟೆ ದಂಡ.

"ಒಳಗೆ ಎಷ್ಟು ಬಿಡ್ಲಿ ಅಪ್ಪ?" ಎಂದು ತಲೆ ಎತ್ತದೆ ಕೇಳಿದ.

ಜೀವಮಾನದಲ್ಲಿ ಮೊದಲ ಸಲ ಮಾಸ್ಟರಿಗೆ ತಮ್ಮ ಕೆಲಸದ ಒಂದು ಪ್ರಶ್ನೆಗೆ ಏನು ಹೇಳಬೇಕೆಂದು ತಿಳಿಯಲಿಲ್ಲ.

"ಬೆಳೆಯೋ ಹುಡುಗರಿಗೆ ಬಿಡ್ತೀಯಲ್ಲ, ಅಷ್ಟು ಬಿಡು," ಎಂದಳು ಕಾಜಮ್ಮ.

"ಅಷ್ಟು ಬಿಟ್ರೆ ಒಳಗೆ ಗಂಟಾಗುತ್ತೆ ಕಣೇ. ಕೂತಾಗೆಲ್ಲ ಒತ್ತುತ್ತೆ."

"ಒತ್ತಲಿ," ಎಂದಳು. "ಇದೆ ಅಂತ ಗೊತ್ತಾಗುತ್ತಲ್ಲ."

ಮಗ ಅಪ್ಪನ ಮುಖ ನೋಡಿದ. ಅಪ್ಪ ಬೇಡ ಎನ್ನಲಿಲ್ಲ. ಅವನು ಗೆರೆಯನ್ನು ಆಚೆಗೆ ಸರಿಸಿ ಎಳೆದು, ಕತ್ತರಿ ಎತ್ತಿಕೊಂಡ.